ಬರಹಕ್ಕೆ ಸಿಗದ ಸಾಕ್ಷಿ: ಎಡೊ ನುಡಿಯ ದನಿ ಮತ್ತು ಬೆನಿನ್ನಿನ ಇತಿಹಾಸ

ನೈಜೀರಿಯಾದ ದಕ್ಷಿಣದಲ್ಲಿ, ನೈಜರ್ ನದಿಗೆ ಪಶ್ಚಿಮದ ಮಳೆಕಾಡಿನ ಸೀಮೆಯಲ್ಲಿ, ಬೆನಿನ್ ಎಂಬ ಹಳೆಯ ರಾಜಧಾನಿ ಇದೆ. ನೆರೆಯಲ್ಲಿ ಅದೇ ಹೆಸರಿನ ದೇಶವೊಂದು ಇರುವುದರಿಂದ ಗೊಂದಲವಾಗುವುದು ಸಹಜ. ದಹೋಮಿ ಎನಿಸಿಕೊಂಡಿದ್ದ ಆ ದೇಶ 1975ರಲ್ಲಿ ಕಡಲಕೊಲ್ಲಿಯ ಹೆಸರನ್ನು ಇಟ್ಟುಕೊಂಡಿತು. ನಾನಿಲ್ಲಿ ಹೇಳುತ್ತಿರುವ ರಾಜ್ಯಕ್ಕೂ ಅದಕ್ಕೂ ಹೆಸರಿನ ನಂಟಷ್ಟೇ. ಈ ನಗರದ ಜನ ತಮ್ಮ ಊರನ್ನೂ ತಮ್ಮನ್ನೂ ತಮ್ಮ ಮಾತನ್ನೂ ಎಡೊ ಎಂದೇ ಕರೆದುಕೊಳ್ಳುತ್ತಾರೆ. ಅರಮನೆಯ ಕಂಬಗಳಿಗೆ ಹೊದಿಸಿದ್ದ ಎರಕದ ಫಲಕಗಳಿಂದಾಗಿ, ಮತ್ತು 1897ರಲ್ಲಿ ಬ್ರಿಟಿಷ್ ಸೇನೆ ನಗರವನ್ನು ಹಿಡಿದು ಅವನ್ನು ಸೂರೆಗೈದದ್ದರಿಂದಾಗಿ, ಈ ರಾಜ್ಯ ಲೋಕಕ್ಕೆ ಪರಿಚಿತ. ಅದರ ಹಿಂದಿನ ಚರಿತ್ರೆಯನ್ನು ಕಟ್ಟಿದವರು ಮುಖ್ಯವಾಗಿ ಎರಡನ್ನು ನೆಚ್ಚಿದ್ದಾರೆ. ಒಂದು, ಹದಿನೈದನೆಯ ಶತಮಾನದಿಂದ ಬಂದುಹೋದ ಐರೋಪ್ಯರ ಟಿಪ್ಪಣಿಗಳು. ಇನ್ನೊಂದು, ಎಡೊ ಜನರ ಬಾಯಲ್ಲಿ ಉಳಿದುಬಂದ ಅರಸರ ಹೆಸರು, ಊರಿನ ಹೆಸರು, ಬಿರುದು, ಅವುಗಳಿಗೆ ಅಂಟಿಕೊಂಡ ಕಥೆ. ಈ ಎರಡನೆಯ ಆಧಾರ ಕಾಗದಕ್ಕೆ ಇಳಿಯುವಾಗ ಅದರ ಒಂದು ಪಾಲು ದಾರಿಯಲ್ಲೇ ಬಿದ್ದುಹೋಯಿತು. ಬೆನಿನ್ನಿನ ಇತಿಹಾಸದ ಕೆಲವು ಅತಿ ಬಿಸಿಯಾದ ಜಗಳಗಳು ಬಿದ್ದುಹೋದ ಆ ಪಾಲನ್ನು ಹುಡುಕದೆಯೇ ನಡೆಯುತ್ತಿವೆ ಎಂಬುದು ಇಲ್ಲಿನ ವಾದ. ಬಿದ್ದುಹೋದದ್ದು ದನಿಯ ಏರಿಳಿತ.

ಕನ್ನಡದಲ್ಲಿ ದನಿ ಏರಿಸಿದರೆ ಮಾತು ಪ್ರಶ್ನೆಯಾದೀತು, ಸಿಟ್ಟಾದೀತು. 'ಮನೆ' ಎಂಬುದನ್ನು ಯಾವ ಶ್ರುತಿಯಲ್ಲಿ ಹೇಳಿದರೂ ಅದು ಮನೆಯೇ. ಎಡೊದಲ್ಲಿ ಪ್ರತಿ ಸ್ವರಕ್ಕೂ ಏರುದನಿ ಇಲ್ಲವೇ ತಗ್ಗುದನಿ ಎಂಬ ಗೊತ್ತಾದ ಮಟ್ಟ ಇದ್ದೇ ಇರುತ್ತದೆ, ಮತ್ತು ಅದು ಬದಲಾದರೆ ಶಬ್ದವೇ ಬೇರೆ. 'ಎಮಾ' ಎಂದು ಬರೆದದ್ದನ್ನು ಒಂದು ಬಗೆಯಲ್ಲಿ ಉಚ್ಚರಿಸಿದರೆ ಯಾಮ್ ಗೆಡ್ಡೆಯನ್ನು ಬೇಯಿಸಿ ಒರಳಲ್ಲಿ ಕುಟ್ಟಿದ ಮುದ್ದೆ, ಇನ್ನೊಂದು ಬಗೆಯಲ್ಲಿ ಚರ್ಮವಾದ್ಯ. 'ಉಕ್ಪೊ' ವರ್ಷವೂ ಹೌದು, ಮಲಗುವ ಮಂಚವೂ ಹೌದು. ಇಷ್ಟೇ ಆಗಿದ್ದರೆ ಶ್ಲೇಷೆ ಎಂದು ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಎಡೊದ ದನಿ ನಿಘಂಟಿನೊಳಗೆ ನಿಲ್ಲದೆ ವ್ಯಾಕರಣದೊಳಗೂ ಕೈಚಾಚಿದೆ. ಧ್ವನಿವಿಜ್ಞಾನಿ ಪೀಟರ್ ಲೇಡಿಫೋಗೆಡ್ ತಮ್ಮ ಪಠ್ಯಪುಸ್ತಕದಲ್ಲಿ ಕೊಟ್ಟ ಉದಾಹರಣೆ ಇದಕ್ಕೆ ಪ್ರಸಿದ್ಧ. 'ಇ' ಎಂದರೆ ನಾನು, 'ಮಾ' ಎಂದರೆ ತೋರಿಸು. ಎರಡನ್ನೂ ತಗ್ಗುದನಿಯಲ್ಲಿ ಹೇಳಿದರೆ 'ನಾನು ತೋರಿಸುತ್ತೇನೆ' ಎಂಬ ಕಾಲವಿಲ್ಲದ ಮಾತು. 'ಇ'ಯನ್ನು ಏರಿಸಿ 'ಮಾ'ವನ್ನು ತಗ್ಗಿಸಿದರೆ 'ತೋರಿಸುತ್ತಿದ್ದೇನೆ'. 'ಇ'ಯನ್ನು ತಗ್ಗಿಸಿ 'ಮಾ'ವನ್ನು ಏರಿಸಿದರೆ 'ತೋರಿಸಿದೆ'. ನಮ್ಮಲ್ಲಿ ಪ್ರತ್ಯಯಗಳು ಮಾಡುವ ಕೆಲಸವನ್ನು ಅಲ್ಲಿ ಶ್ರುತಿ ಮಾಡುತ್ತದೆ. ಚರಿತ್ರೆ ಹೇಳುವವನಿಗೆ ಬೇಕಾದ ಭೂತಕಾಲವೇ ಇಂಥ ವಾಕ್ಯದಲ್ಲಿ ಅಕ್ಷರದ ಹೊರಗೆ ಕೂತಿದೆ. ತನ್ನ ಯಜ್ಞದಲ್ಲಿ ತ್ವಷ್ಟೃ 'ಇಂದ್ರಶತ್ರು' ಎಂಬ ಸಮಾಸದ ಸ್ವರ ತಪ್ಪಿದ್ದರಿಂದ ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದ ಸಾಯುವವನಾದ ಕಥೆಯನ್ನು ಪತಂಜಲಿಯ ಮಹಾಭಾಷ್ಯದ ಮೂಲಕ ನಾವು ಬಲ್ಲೆವು. ವೇದಪಾಠಕರಿಗಷ್ಟೇ ಸಂಬಂಧಿಸಿದ ಆ ಎಚ್ಚರ ಎಡೊದಲ್ಲಿ ಸಂತೆಯಲ್ಲಿ ಗೆಡ್ಡೆ ಮಾರುವವಳಿಗೂ ಬೇಕು, ಮತ್ತು ಅವಳಿಗೆ ಅದು ಯಾರೂ ಕಲಿಸದೆ ಬರುತ್ತದೆ.

ಇನ್ನೊಂದು ಗುಣವನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ. ಎಡೊದಲ್ಲಿ ಎರಡು ಶಬ್ದಗಳು ಕೂಡಿದಾಗ ನಮ್ಮ ಲೋಪಸಂಧಿಯಂತೆ ಒಂದು ಸ್ವರ ಬಿಟ್ಟುಹೋಗುವುದು ಸಾಮಾನ್ಯ. 'ಓವಾ' ಎಂದರೆ ಮನೆ. 'ಎಬೆ' ಎಂದರೆ ಎಲೆ, ಅದರಿಂದ ಕಾಗದ ಮತ್ತು ಪುಸ್ತಕ. ಎರಡೂ ಸೇರಿ 'ಓವೆಬೆ', ಶಾಲೆ. ಹಳೆಯ ಅರಸುಮನೆತನದ ಬಿರುದು 'ಒಗಿಸೊ'ವನ್ನು 'ಒಗಿಯೆ' ಅಂದರೆ ದೊರೆ, 'ಇಸೊ' ಅಂದರೆ ಆಕಾಶ ಎಂದು ಬಿಡಿಸುತ್ತಾರೆ. ಅಲ್ಲಿಯೂ ನಡುವಿನ ಸ್ವರ ಕಾಣೆ. ಆದರೆ ಸ್ವರ ಹೋದರೂ ಅದರ ದನಿ ಎಷ್ಟೋ ಸಲ ಹೋಗುವುದಿಲ್ಲ. ಹೋದ ಸ್ವರ ತಗ್ಗುದನಿಯದಾಗಿದ್ದರೆ, ಅದರ ಮುಂದಿನ ಏರುದನಿ ಒಂದು ಮೆಟ್ಟಿಲು ಕೆಳಗಿಳಿದು ನಿಲ್ಲುತ್ತದೆ. ಆಫ್ರಿಕಾದ ಭಾಷೆಗಳನ್ನು ಓದುವವರಿಗೆ ಇದು ತುಂಬ ಪರಿಚಿತವಾದ ಸಂಗತಿ, ಎಡೊದಲ್ಲೂ ಅದು ಇದೆ. ಅಂದರೆ ಒಂದು ಸಮಾಸಪದ ಯಾವ ತುಂಡುಗಳಿಂದ ಆಗಿದೆ ಎಂಬುದರ ಕುರುಹು, ತುಂಡುಗಳು ಸವೆದುಹೋದ ಮೇಲೂ, ಅದರ ಶ್ರುತಿಯಲ್ಲಿ ಉಳಿದಿರಬಹುದು. ಹೆಸರುಗಳಿಂದ ಇತಿಹಾಸ ತೆಗೆಯುವವನಿಗೆ ಇದಕ್ಕಿಂತ ಬೆಲೆಬಾಳುವ ಸಾಕ್ಷಿ ಬೇರೆ ಯಾವುದಿದೆ? ಬಾಯಿಂದ ಹೊರಟು ಗಾಳಿಯಲ್ಲಿ ಕರಗುವ ದನಿ ಅತಿ ಸೂಕ್ಷ್ಮವಾದ, ಬೇಗ ಅಳಿಯುವ ವಸ್ತು ಎಂದು ನಮಗೆ ತೋರುತ್ತದೆ. ವ್ಯಂಜನ ಸ್ವರಗಳಿಗಿಂತ ಅದು ಹೆಚ್ಚು ಹಟಮಾರಿ ಎಂಬುದು ಈ ಭಾಷೆಗಳ ಅಧ್ಯಯನದಿಂದ ತಿಳಿದುಬಂದ ವಿಷಯ.

ಈಗ ಈ ಭಾಷೆ ಕಾಗದಕ್ಕೆ ಬಂದ ಬಗೆ. ಪೋರ್ಚುಗೀಸನಾದ ಜೊವಾವ್ ಅಫೊನ್ಸೊ ದ ಅವೇರೊ ಬೆನಿನ್ನಿಗೆ ಬಂದದ್ದು 1486ರ ಸುಮಾರಿಗೆ. ಮೂವತ್ತು ವರ್ಷಗಳ ಮೇಲೆ, 1516ರಲ್ಲಿ, ದುವಾರ್ತೆ ಪಿರೆಸ್ ಎಂಬಾತ ತನ್ನ ದೊರೆಗೆ ಬರೆದ ಪತ್ರದಲ್ಲಿ ಬೆನಿನ್ನಿನ ಅರಸ ತನ್ನ ಮಗನನ್ನೂ ದೊಡ್ಡ ಪ್ರಭುಗಳ ಮಕ್ಕಳನ್ನೂ ಕ್ರೈಸ್ತರಾಗಲು ಬಿಟ್ಟಿದ್ದಾನೆ, ಅವರು ಓದಲು ಕಲಿಯುತ್ತಿದ್ದಾರೆ ಎಂದು ವರದಿ ಮಾಡಿದ್ದಾನೆ. 1553ರಲ್ಲಿ ಥಾಮಸ್ ವಿಂಡಮ್‌ನ ಹಡಗುಗಳಲ್ಲಿ ಬಂದ ಇಂಗ್ಲಿಷರಿಗೆ ದುಭಾಷಿಯೇ ಬೇಕಾಗಲಿಲ್ಲ. ಅರಸ ಚಿಕ್ಕಂದಿನಲ್ಲೇ ಕಲಿತಿದ್ದ ಪೋರ್ಚುಗೀಸಿನಲ್ಲಿ ಅವರೊಡನೆ ಮಾತಾಡಿದ. ಬೆನಿನ್ನಿನ ಆಸ್ಥಾನದ ಜಾಣತನಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ಅದರಿಂದಲೇ ಒಂದು ನಷ್ಟವೂ ಆಯಿತು: ಬಂದವರಿಗೆ ಎಡೊ ಕಲಿಯಬೇಕಾಗಿ ಬರಲಿಲ್ಲ, ಆದ್ದರಿಂದ ಅವರು ಎಡೊವನ್ನು ಬರೆದಿಡಲಿಲ್ಲ. ವ್ಯಾಪಾರದ ಗುರುತು ಎಡೊದೊಳಗೇ ಉಳಿಯಿತು. ಕಿತ್ತಳೆಯನ್ನು 'ಅಲಿಮೊಯ್' ಎನ್ನುತ್ತಾರೆ, ನಿಂಬೆಗೆ ಪೋರ್ಚುಗೀಸರು ಹೇಳುವ 'ಲಿಮಾವ್'ನಿಂದ. ಚಮಚಕ್ಕೆ 'ಎಕುಯೆ' ಎನ್ನುತ್ತಾರೆ, ಅವರ 'ಕೊಲ್ಯೇರ್'ನಿಂದ. ಬಂದ ಶಬ್ದಕ್ಕೂ ಎಡೊ ತನ್ನ ಏರು ತಗ್ಗುಗಳನ್ನು ತೊಡಿಸಿಯೇ ಒಳಗೆ ಬಿಟ್ಟುಕೊಂಡಿತು. ಆಚೆಯ ದಿಕ್ಕಿನಲ್ಲಿ, ಐರೋಪ್ಯರ ಪುಟಗಳಿಗೆ ಹೋದ ಎಡೊ ಶಬ್ದಗಳು ಮಾತ್ರ ಬೋಳಾಗಿಯೇ ಹೋದವು.

ಹಾಗೆ ಬೋಳಾಗಿ ಹೋದ ಒಂದು ಶಬ್ದ ಮಾಡಿದ ಅವಾಂತರವನ್ನು ನೋಡಿ. ಪೋರ್ಚುಗೀಸ್ ಇತಿಹಾಸಕಾರ ಜೊವಾವ್ ದ ಬಾರೋಸ್ 1552ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಬೆನಿನ್ನಿನ ದೂತ ಹೇಳಿದ ಮಾತೊಂದನ್ನು ದಾಖಲಿಸಿದ್ದಾನೆ: ಪೂರ್ವಕ್ಕೆ, ಇಪ್ಪತ್ತು ತಿಂಗಳ ದಾರಿಯಲ್ಲಿ, 'ಒಗಾನೆ' ಎಂಬ ಮಹಾಪ್ರಭು ಇದ್ದಾನೆ, ಬೆನಿನ್ನಿನ ಹೊಸ ಅರಸ ಪಟ್ಟವೇರಿದಾಗ ಅವನಿಂದ ಹಿತ್ತಾಳೆಯ ಶಿಲುಬೆ ಮುಂತಾದ ಲಾಂಛನಗಳು ಬರಬೇಕು. ಪೂರ್ವದಲ್ಲೆಲ್ಲೋ ಇದ್ದಾನೆಂದು ನಂಬಿದ್ದ ಕ್ರೈಸ್ತ ದೊರೆ ಪ್ರೆಸ್ಟರ್ ಜಾನ್‌ನನ್ನು ಹುಡುಕುತ್ತಿದ್ದ ಪೋರ್ಚುಗೀಸರಿಗೆ ಇದು ಕಿವಿಗೆ ಜೇನಾಯಿತು. ಯೊರುಬಾ ಜನರ ಪವಿತ್ರನಗರ ಇಫೆಯ ಒಡೆಯನನ್ನು ಎಡೊದಲ್ಲಿ 'ಒಘೆನೆ' ಎನ್ನುವುದರಿಂದ, ಒಗಾನೆ ಅವನೇ ಎಂದು ಇಪ್ಪತ್ತನೆಯ ಶತಮಾನದ ಇತಿಹಾಸಕಾರರು ಬಹುಮಟ್ಟಿಗೆ ಒಪ್ಪಿದ್ದರು. ಆದರೆ ಇಫೆ ಇರುವುದು ಬೆನಿನ್ನಿನ ಪೂರ್ವಕ್ಕಲ್ಲ, ವಾಯವ್ಯಕ್ಕೆ. ಇತಿಹಾಸಕಾರ ಅಲನ್ ರೈಡರ್ 1965ರ ಲೇಖನದಲ್ಲಿ ಈ ತೊಡಕನ್ನೇ ಹಿಡಿದು ಬೆನಿನ್ ಮತ್ತು ಇಫೆಯ ನಂಟನ್ನು ಮರುವಿಚಾರಣೆಗೆ ಎಳೆದರು. ಬೆನಿನ್ನಿನ ದಕ್ಷಿಣದ ನೆರೆಯವರಾದ ಉರ್ಹೊಬೊ ಜನರ ಭಾಷೆ ಎಡೊಗೆ ದಾಯಾದಿ. ಅವರಲ್ಲಿ 'ಒಘೆನೆ' ಎಂದರೆ ದೇವರು. ಹೀಗೆ ಒಂದೇ ಅಕ್ಷರಮಾಲೆಗೆ ಒಬ್ಬ ಅರಸನೂ ಒಬ್ಬ ದೇವರೂ ಹಕ್ಕುದಾರರು. ಆ ಶಬ್ದದ ಶ್ರುತಿ ಲಿಸ್ಬನ್ನಿನ ದಾರಿಯಲ್ಲಿ ಕಳೆದುಹೋಗದೆ ಇದ್ದಿದ್ದರೆ ಜಗಳ ತೀರುತ್ತಿತ್ತು ಎಂದು ನಾನು ಹೇಳಲಾರೆ. ಆಗ ಅದು ಶಬ್ದದ ಬಗೆಗಿನ ಜಗಳವಾಗಿ ಉಳಿಯದೆ ದಿಕ್ಕಿನ ಬಗೆಗಿನ ಜಗಳ ಮಾತ್ರವಾಗಿ ಉಳಿಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸಿಗಿಸ್ಮಂಡ್ ಕೋಲ್ಲೆ ಎಂಬ ಮಿಷನರಿ ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಬಿಡುಗಡೆಯಾದ ಗುಲಾಮರನ್ನು ಕೂರಿಸಿಕೊಂಡು ನೂರಕ್ಕೂ ಮಿಕ್ಕ ಭಾಷೆಗಳ ಶಬ್ದಪಟ್ಟಿ ಮಾಡಿದ. 1854ರಲ್ಲಿ ಅಚ್ಚಾದ ಆ ಸಂಪುಟದಲ್ಲಿ 'ಬಿನಿ' ಎಂಬ ಹೆಸರಿನಲ್ಲಿ ಎಡೊದ ಸಾಲೂ ಇದೆ. ಊರಿಂದ ಕಿತ್ತುಬಂದವರ ನೆನಪಿನಿಂದ, ಊರಿಂದ ಸಾವಿರಕ್ಕೂ ಹೆಚ್ಚು ಮೈಲಿ ದೂರದಲ್ಲಿ ಬರೆದ ಪಟ್ಟಿ ಅದು. ಬೆನಿನ್ನಿನಲ್ಲೇ ಕೂತು ಎಡೊವನ್ನು ವ್ಯವಸ್ಥಿತವಾಗಿ ಬರೆಯಲು ರಾಜ್ಯ ಬೀಳಬೇಕಾಯಿತು. 1897ರಲ್ಲಿ ನಗರ ಸುಟ್ಟಿತು, ಅರಸ ಒವೊನ್ರಾಮ್ವೆನ್‌ನನ್ನು ಕಲಬಾರ್‌ಗೆ ಗಡಿಪಾರು ಮಾಡಿದರು. ಹನ್ನೆರಡು ವರ್ಷಗಳ ಬಳಿಕ, 1909ರಲ್ಲಿ, ವಸಾಹತು ಸರ್ಕಾರ ನೇಮಿಸಿದ ಮಾನವಶಾಸ್ತ್ರಜ್ಞ ನಾರ್ತ್‌ಕೋಟ್ ಥಾಮಸ್ ಎಡೊ ಸೀಮೆಯಲ್ಲಿ ಸುತ್ತಾಡಿದ. 1910ರಲ್ಲಿ ಅವನ ವರದಿ ಎರಡು ಭಾಗಗಳಲ್ಲಿ ಬಂತು, ಒಂದು ಕಾನೂನು ಕಟ್ಟಳೆಗಳದ್ದು, ಇನ್ನೊಂದು ಭಾಷೆಯದ್ದು. ತೆರಿಗೆ ಮತ್ತು ನ್ಯಾಯದಾನಕ್ಕೆ ಜನರನ್ನು ಅರಿಯಬೇಕೆಂಬುದು ಸರ್ಕಾರದ ಲೆಕ್ಕ. ಹಾಗೆ ಅರಿಯಲು ಹೊರಟವನ ಚೀಲದಲ್ಲಿ ಫೋನೋಗ್ರಾಫ್ ಇದ್ದದ್ದು ನಮ್ಮ ಪುಣ್ಯ. ಅವನು ಮೇಣದ ಉರುಳೆಗಳ ಮೇಲೆ ಮಾತು, ಹಾಡು, ಕಥೆಗಳನ್ನು ಹಿಡಿದ. ಅಚ್ಚಿನ ಪುಟ ಎಷ್ಟೇ ಜಾಗರೂಕವಾಗಿದ್ದರೂ ಅದು ಒಬ್ಬ ಇಂಗ್ಲಿಷನ ಕಿವಿಯ ತೀರ್ಪು. ಉರುಳೆಯಲ್ಲಿರುವುದು ತೀರ್ಪಿಗೆ ಮುಂಚಿನ ದನಿ.

ಎಡೊ ದನಿಯನ್ನು ಕಾಗದದ ಮೇಲೆ ನಿಜವಾಗಿ ಕಾಣಿಸಿದವನು ಹಾನ್ಸ್ ಮೆಲ್ಟ್ಸಿಯನ್ ಎಂಬ ಜರ್ಮನ್ ವಿದ್ವಾಂಸ. 1937ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ನಿಘಂಟಿನಲ್ಲಿ ಪ್ರತಿ ಶಬ್ದದ ಪಕ್ಕದಲ್ಲೂ ಒಂದು ಪುಟ್ಟ ಆವರಣ. ಅದರೊಳಗೆ ಮೇಲೆ ಕೆಳಗೆ ಇಟ್ಟ ಚುಕ್ಕಿ ಗೀಟುಗಳು. ಓದುಗ ಅದನ್ನು ನೋಡಿಕೊಂಡು ಶ್ರುತಿಯ ಏರಿಳಿತವನ್ನು ಹಾಡಬಲ್ಲ. ಜೊತೆಗೆ ಗಿಡಮರ, ದೇವತೆ, ಬಿರುದು, ಹಬ್ಬಗಳ ವಿವರಣೆ ಎಷ್ಟು ದಟ್ಟವಾಗಿದೆ ಎಂದರೆ ಅದನ್ನು ಬೆನಿನ್ನಿನ ಸಣ್ಣ ವಿಶ್ವಕೋಶವೆಂದೇ ಇತಿಹಾಸಕಾರರು ಬಳಸುತ್ತ ಬಂದಿದ್ದಾರೆ. ಬಳಸುವಾಗ ಮಾತ್ರ ಬಹುತೇಕರು ಅಕ್ಷರಗಳನ್ನು ನಕಲು ಮಾಡಿಕೊಂಡು ಆ ಪುಟ್ಟ ಆವರಣವನ್ನು ಬಿಟ್ಟುಬಿಡುತ್ತಾರೆ! ಮುಂದೆ ಎಡೊ ಮಾತಾಡುವವರೇ ಈ ಕೆಲಸ ಕೈಗೆತ್ತಿಕೊಂಡರು. ಐರೆನ್ ಅಮಾಯೊ ಈ ಭಾಷೆಯ ಧ್ವನಿವ್ಯವಸ್ಥೆಯ ಮೇಲೆ 1976ರಲ್ಲಿ ಇಬಾದಾನಿನಲ್ಲಿ ಪ್ರೌಢಪ್ರಬಂಧ ಬರೆದರು. ರೆಬೆಕಾ ಅಘೆಯಿಸಿಯ ಎಡೊ-ಇಂಗ್ಲಿಷ್ ನಿಘಂಟು 1986ರಲ್ಲಿ ಬೆನಿನ್ ನಗರದಲ್ಲೇ ಅಚ್ಚಾಯಿತು. ಆ ಹೊತ್ತಿಗೆ, ಇತಿಹಾಸದ ದೊಡ್ಡ ಪುಸ್ತಕ ಬಂದು ಅರ್ಧ ಶತಮಾನ ಕಳೆದಿತ್ತು.

ಆ ದೊಡ್ಡ ಪುಸ್ತಕ ಜೇಕಬ್ ಎಘರೆವ್ಬಾನದು. 1933ರಲ್ಲಿ ಎಡೊ ಭಾಷೆಯಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಬಂದ ಅವನ ಬೆನಿನ್ ಚರಿತ್ರೆ, ಆಮೇಲೆ ಬರೆದ ಎಲ್ಲರಿಗೂ ಮೂಲಧಾತು. ಪೂರ್ವಿಕ ಅರಸರ ಆರಾಧನೆ ನೋಡಿಕೊಳ್ಳುವ ಇಹೊಗ್ಬೆ ಮುಂತಾದ ಅರಮನೆಯ ಬಳಗಗಳ ಹಿರಿಯರು ಹೇಳಿದ್ದನ್ನು ಅವನು ಕೇಳಿ ಬರೆದ. ಇಲ್ಲಿ ನನ್ನ ವಾದಕ್ಕೆ ಒಂದು ಇರುಸುಮುರುಸು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ದನಿಗುರುತನ್ನು ಕಿತ್ತುಹಾಕಿದವರು ಪರದೇಶದ ಅಧಿಕಾರಿಗಳು, ನಾಡವರು ಬರೆದಿದ್ದರೆ ಉಳಿಯುತ್ತಿತ್ತು ಎಂದು ಹೇಳುವುದು ಸುಲಭ. ಪಕ್ಕದ ಯೊರುಬಾದ ನಿದರ್ಶನವೂ ಅತ್ತಲೇ ಬೆರಳು ತೋರಿಸುತ್ತದೆ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದು, ಕೊನೆಗೆ ಬಿಷಪ್ಪನಾದ ಸಾಮ್ಯುಯೆಲ್ ಕ್ರೌದರ್ ಯೊರುಬಾ ಮನೆಮಾತಿನವನು. ಅವನ ಶಬ್ದಕೋಶ 1843ರಲ್ಲಿ, ವ್ಯಾಕರಣ 1852ರಲ್ಲಿ ಬಂದವು. ಯೊರುಬಾ ಅಕ್ಷರದ ನೆತ್ತಿಯ ಮೇಲೆ ದನಿಗುರುತು ಕೂರುವ ಪದ್ಧತಿಗೆ ಅಂಥವರ ಕಿವಿಯೇ ಕಾರಣ. ಆದರೆ ಎಘರೆವ್ಬಾ ಅಪ್ಪಟ ಎಡೊ ಮಾತಿನವನಾಗಿಯೂ ದನಿಗುರುತು ಹಾಕಲಿಲ್ಲ. ಹಾಕುವ ಅಗತ್ಯ ಅವನಿಗೆ ಕಾಣಲಿಲ್ಲ. ತಾನು ಬರೆಯುತ್ತಿರುವುದು ತನ್ನ ಊರವರಿಗೆ, ಅವರಿಗೆ ಹೆಸರುಗಳ ಶ್ರುತಿ ಗೊತ್ತೇ ಇದೆ. ಅದೇ ಪುಸ್ತಕ ಇಂಗ್ಲಿಷಿಗೆ ಹೋಗಿ, ಎಡೊ ಗೊತ್ತಿಲ್ಲದವರ ಕೈಗೆ ಆಧಾರಗ್ರಂಥವಾಗಿ ಬಂದಾಗ ಅವನ ಭರವಸೆ ಕೆಲಸಕ್ಕೆ ಬಾರದಾಯಿತು.

ಏಕೆಂದರೆ ಆ ಪುಸ್ತಕದ ತುಂಬ ಹೆಸರುಗಳ ವಿವರಣೆಯಿದೆ, ಮತ್ತು ಎಷ್ಟೋ ಕಡೆ ವಿವರಣೆಯೇ ಇತಿಹಾಸ. ಹದಿನೈದನೆಯ ಶತಮಾನದ ನಡುವೆ ಆಳಿದ ಮಹಾರಾಜ ಎವುವಾರೆಯ ಹೆಸರಿಗೆ ತಂಪಾಯಿತು, ಉಪದ್ರವ ಮುಗಿಯಿತು ಎಂಬ ಅರ್ಥ ಹೇಳಲಾಗಿದೆ. ಪಟ್ಟಕ್ಕಾಗಿ ನಡೆದ ಕಾಳಗ ಮುಗಿದದ್ದರ ನೆನಪು ಅದರಲ್ಲಿದೆ. ಬಾವಿಯಲ್ಲಿ ಅಡಗಿದ್ದ ಅವನನ್ನು ಪಾರುಮಾಡಿದ ಗುಲಾಮನ ಹೆಸರು ಎಡೊ, ಅವನ ನೆನಪಿಗೇ ಊರಿಗೆ ಆ ಹೆಸರು. ಈಗಿನ ರಾಜವಂಶದ ಮೊದಲಿಗ ಎವೆಕಾನ ಕಥೆ ಇನ್ನೂ ಸ್ವಾರಸ್ಯದ್ದು. ಇಫೆಯಿಂದ ಬಂದ ಓರನ್ಮಿಯಾನ್‌ಗೂ ಎಡೊ ಹೆಣ್ಣಿಗೂ ಹುಟ್ಟಿದ ಮಗ ಮೂಗ. ತಂದೆ ಕಳಿಸಿದ ಏಳು ಬೀಜಗಳಿಂದ 'ಅಖುಯೆ' ಎಂಬ ಗುರಿಯಾಟ ಆಡುವಾಗ ಬೀಜ ಗುರಿಗೆ ತಾಗಿ ಅವನ ಬಾಯಿಂದ ಮೊದಲ ಮಾತು ಹೊರಟಿತು: 'ಒವೊಮಿಕಾ'. ಅದು ಯೊರುಬಾ, ನನ್ನ ಕೈ ತಾಗಿತು ಎಂದರ್ಥ. ಅದೇ ಎಡೊ ಬಾಯಲ್ಲಿ ಎವೆಕಾ ಆಯಿತು. ಯೊರುಬಾದಲ್ಲಿ ಕೈಗೆ ಹೇಳುವ ಶಬ್ದವನ್ನು ದನಿಗುರುತಿಲ್ಲದೆ ಬರೆದರೆ ಪೊರಕೆಯೂ ಅದೇ, ಗೌರವವೂ ಅದೇ. ಇಫೆಗೂ ಬೆನಿನ್ನಿಗೂ ನಡುವಿನ ಒವೊ ಪಟ್ಟಣದ ಹೆಸರೂ ಅದೇ. ಸ್ವರದ ಅಡಿಯ ಚುಕ್ಕಿಯನ್ನೂ ಅಚ್ಚುಮೊಳೆಯವನು ಬಿಟ್ಟುಬಿಟ್ಟರೆ ಹಣ, ವ್ಯಾಪಾರಗಳೂ ಬಂದು ಸೇರಿಕೊಳ್ಳುತ್ತವೆ. ಒವೊಮಿಕಾ ಎಂಬ ಬೋಳು ಅಕ್ಷರದಿಂದ ಕೈಯನ್ನೇ ಹೊರತೆಗೆಯಬೇಕೆಂಬ ಒತ್ತಾಯ ಅಕ್ಷರದಲ್ಲಿಲ್ಲ; ಕಥೆ ಮೊದಲೇ ಗೊತ್ತಿರುವುದರಿಂದ ನಾವು ಕೈಯನ್ನು ಹೊರತೆಗೆಯುತ್ತೇವೆ, ಆಮೇಲೆ ಆ ಕೈಯನ್ನೇ ಕಥೆಗೆ ಸಾಕ್ಷಿಯಾಗಿ ನಿಲ್ಲಿಸುತ್ತೇವೆ. ಬೆನಿನ್ ಇತಿಹಾಸದಲ್ಲಿ ನಡೆಯುವ ಶಬ್ದವಿವರಣೆಯ ದೋಷವೆಲ್ಲ ಈ ಸುತ್ತಿನಲ್ಲಿದೆ.

ಇದಕ್ಕೆ ಮೊದಲ ಆಕ್ಷೇಪ ಎಡೊ ಓದುಗನಿಂದಲೇ ಬರುತ್ತದೆ. ದಿನಬಳಕೆಯ ಎಡೊ ಬರಹದಲ್ಲಿ ದನಿಗುರುತು ಇರುವುದಿಲ್ಲ. ಆದರೂ ಪತ್ರ, ಪ್ರಾರ್ಥನೆಯ ಪುಸ್ತಕ, ಶಾಲೆಯ ಪಾಠ ಯಾವುದಕ್ಕೂ ತೊಂದರೆಯಾಗಿಲ್ಲ. ವಾಕ್ಯದಲ್ಲಿ ಊಟದ ಮಾತಿದ್ದರೆ ಎಮಾ ಮುದ್ದೆ, ಕುಣಿತದ ಮಾತಿದ್ದರೆ ಎಮಾ ವಾದ್ಯ. ನಮ್ಮ ದೇಶದಲ್ಲೂ ದನಿಭಾಷೆಗಳಿವೆ: ಮಿಜೊವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ದನಿಗುರುತು ಸಾಮಾನ್ಯವಾಗಿ ಹಾಕುವುದಿಲ್ಲ, ಪಂಜಾಬಿಯ ಗುರುಮುಖಿಯಲ್ಲಿ ಪ್ರತ್ಯೇಕ ಗುರುತಿಲ್ಲ, ಹಿಂದೆ ಮಹಾಪ್ರಾಣವಾಗಿದ್ದ ಅಕ್ಷರವೇ ಈಗ ದನಿಯ ಸುಳಿವು ಕೊಡುತ್ತದೆ. ಯಾರೂ ತಬ್ಬಿಬ್ಬಾಗಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ. ಸಂದರ್ಭ ನೆರವಾಗುವುದು ವಾಕ್ಯದೊಳಗಿನ ಶಬ್ದಕ್ಕೆ. ಹೆಸರಿಗೆ ಸುತ್ತಮುತ್ತ ವಾಕ್ಯವಿಲ್ಲ. ಐನೂರು ವರ್ಷ ಹಿಂದಿನ ಅರಸನ ಹೆಸರು ಏನು ಹೇಳುತ್ತದೆಂದು ಕೇಳುವಾಗ ನಮಗೆ ಬೇಕಾದ ಸಂದರ್ಭವೇ ನಾವು ಹುಡುಕುತ್ತಿರುವ ವಸ್ತು. ಓದಲು ಸಾಕಾದ ಬರಹ ಅಗೆಯಲು ಸಾಲದು. ಪಂಜಾಬಿಯ ನಿದರ್ಶನ ಒಂದರ್ಥದಲ್ಲಿ ನನ್ನ ಪರವಾಗಿಯೇ ಇದೆ: ಅಲ್ಲಿ ಲಿಪಿ ಹಳೆಯ ಉಚ್ಚಾರವನ್ನು ಹಿಡಿದಿಟ್ಟಿರುವುದರಿಂದ ಭಾಷಾಶಾಸ್ತ್ರಜ್ಞನಿಗೆ ದನಿಯ ಹುಟ್ಟನ್ನು ಪತ್ತೆಹಚ್ಚಲು ಸಾಧ್ಯವಾಯಿತು. ಎಡೊ ಲಿಪಿಗೆ ಅಂಥ ಹಳೆಯ ನೆನಪಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ದನಿಯೂ ಕಾಲದೊಂದಿಗೆ ಬದಲಾಗುತ್ತದೆ. ಇಂದಿನ ಶ್ರುತಿಯಿಂದ ಎವುವಾರೆಯ ಕಾಲದ ಶ್ರುತಿಯನ್ನು ಹೇಗೆ ತಿಳಿಯುವುದು? ಅದರಲ್ಲೂ ವಾಕ್ಯವೊಂದು ಹೆಸರಾಗಿ ಗಟ್ಟಿಯಾದಾಗ ಶ್ರುತಿ ಬದಲಾಗುವುದು ಇನ್ನೂ ಸಾಮಾನ್ಯ. ಸಾಲದೆಂಬಂತೆ, ಯೊರುಬಾದಲ್ಲಿ ಮೂರು ಮಟ್ಟಗಳಿವೆ, ಎಡೊದಲ್ಲಿ ಮೂಲತಃ ಎರಡು. ಯೊರುಬಾ ಶಬ್ದ ಎಡೊಗೆ ಬಂದಾಗ ನಡುವಿನ ಮಟ್ಟ ಮೇಲಕ್ಕೋ ಕೆಳಕ್ಕೋ ಸರಿಯಲೇಬೇಕು. ಇದೆಲ್ಲ ನಿಜ. ಆದರೆ ಬದಲಾವಣೆ ಎಂದರೆ ಮನಬಂದಂತೆ ಆಗುವ ಬದಲಾವಣೆ ಎಂದಲ್ಲ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದದ್ದನ್ನು ನಾವು ಇತಿಹಾಸಕ್ಕೆ ಅಡ್ಡಿ ಎನ್ನುವುದಿಲ್ಲ, ಶಾಸನಗಳ ಕಾಲ ನಿರ್ಣಯಿಸಲು ಅದನ್ನೇ ಬಳಸುತ್ತೇವೆ. ಎಡೊದ ಬಂಧುಭಾಷೆಗಳು ಹಲವಿವೆ: ಉತ್ತರದ ಎಸಾನ್, ದಕ್ಷಿಣದ ಉರ್ಹೊಬೊ, ಇಸೊಕೊ, ನದೀಮುಖಜಭೂಮಿಯ ದೆಗೆಮಾ. ಭಾಷಾಶಾಸ್ತ್ರಜ್ಞ ಬೆನ್ ಎಲುಗ್ಬೆ ತಮ್ಮ ತೌಲನಿಕ ಅಧ್ಯಯನದಲ್ಲಿ ಇವನ್ನೆಲ್ಲ ಒಟ್ಟಿಗೆ ಇಟ್ಟು ಮೂಲ ರೂಪಗಳನ್ನು ಕಟ್ಟಲು ಹೊರಟರು. ಒಂದು ಶಬ್ದದ ಶ್ರುತಿ ಬಂಧುಭಾಷೆಗಳಲ್ಲಿ ಕ್ರಮವಾಗಿ ಹೊಂದಿಕೊಂಡರೆ ಅದು ಹಳೆಯದು. ಕ್ರಮ ತಪ್ಪಿದರೆ ಅದು ಎರವಲು ಬಂದದ್ದೋ, ಸಂಧಿಯಲ್ಲಿ ಸ್ವರ ಕಳೆದುಕೊಂಡದ್ದೋ ಎಂದು ಹುಡುಕಬೇಕು. ಮೂರು ಮಟ್ಟ ಎರಡಾಗುವುದಕ್ಕೂ ಇದೇ ಮಾತು: ಸಾಕಷ್ಟು ಎರವಲು ಶಬ್ದಗಳನ್ನು ಕಲೆಹಾಕಿದರೆ ನಡುವಿನ ಮಟ್ಟ ಎತ್ತ ಸರಿಯುತ್ತದೆಂಬ ರೂಢಿ ಕಾಣಿಸುತ್ತದೆ, ಆಮೇಲೆ ಒವೊಮಿಕಾ ಆ ರೂಢಿಗೆ ಒಪ್ಪುತ್ತದೆಯೇ ಎಂದು ಕೇಳಬಹುದು. ಶ್ರುತಿ ಹೊಂದಿದ ಮಾತ್ರಕ್ಕೆ ಕಥೆ ನಿಜವಾಗುವುದಿಲ್ಲ. ಹೊಂದದಿದ್ದರೆ ಮಾತ್ರ ಅದಕ್ಕೊಂದು ಕಾರಣ ಹೇಳುವ ಹೊಣೆ ಕಥೆ ಹೇಳುವವನ ಮೇಲೆ ಬೀಳುತ್ತದೆ. ಇಂದು ಆ ಹೊಣೆ ಯಾರ ಮೇಲೂ ಇಲ್ಲ.

ಹೊಣೆಯಿಲ್ಲದ ಜಗಳದ ದೊಡ್ಡ ನಿದರ್ಶನ 2004ರದು. ಆಗಿನ ಅರಸ ಎರೆದಿಯಾವಾ ತಮ್ಮ ಆತ್ಮಕಥೆಯಲ್ಲಿ, ಯೊರುಬಾ ಜನರ ಮೂಲಪುರುಷ ಒಡುಡುವಾ ಬೇರೆ ಯಾರೂ ಅಲ್ಲ, ಬೆನಿನ್ನಿನಿಂದ ಓಡಿಹೋದ ರಾಜಕುಮಾರ ಎಕಲಾದೆರ್ಹಾನ್; ಅವನು ಇಟ್ಟುಕೊಂಡ ಇಜೊಡುವಾ ಎಂಬ ಎಡೊ ಹೆಸರೇ ಒಡುಡುವಾ ಆಯಿತು, ಅದಕ್ಕೆ ಏಳಿಗೆಯ ದಾರಿ ಹಿಡಿದೆ ಎಂಬರ್ಥ ಎಂದು ಪ್ರತಿಪಾದಿಸಿದರು. ಇಫೆಯ ಕಡೆಯವರು ಸಿಡಿದೆದ್ದರು. ಇಫೆಯಿಂದ ಬೆನಿನ್ನಿಗೆ ರಾಜವಂಶ ಬಂತೆಂಬ ಹಳೆಯ ಕಥೆಯನ್ನು ತಲೆಕೆಳಗು ಮಾಡುವ ಮಾತದು. ಎರಡು ಸಿಂಹಾಸನಗಳ ಹಿರಿತನ ಅದರಲ್ಲಿ ಅಡಗಿದೆ. ಲಾಗೋಸ್ ನಗರಕ್ಕೆ ನಾಡವರು ಹೇಳುವ ಎಕೊ ಎಂಬ ಹೆಸರಿನ ಮೇಲೂ ಇಂಥದೇ ಎಳೆದಾಟವಿದೆ: ಎಡೊದವರು ಅದು ಬೆನಿನ್ ಸೈನ್ಯದ ಪಾಳೆಯ ಎನ್ನುತ್ತಾರೆ, ಯೊರುಬಾದ ಕೆಲವರು ಅದನ್ನು ಹೊಲಕ್ಕೆ ಹೇಳುವ ಒಕೊ ಎಂಬ ತಮ್ಮ ಶಬ್ದಕ್ಕೆ ಜೋಡಿಸುತ್ತಾರೆ. ಎರಡೂ ಜಗಳಗಳಲ್ಲಿ ಪತ್ರಿಕೆಗಳು ಅಚ್ಚು ಹಾಕಿದ್ದು ಬೋಳು ಅಕ್ಷರ. ಎರಡೂ ದನಿಭಾಷೆಗಳು, ಎರಡೂ ಕಡೆಯವರಿಗೆ ತಮ್ಮ ತಮ್ಮ ಹೆಸರಿನ ಶ್ರುತಿ ಹುಟ್ಟಿನಿಂದ ಗೊತ್ತು, ಆದರೂ ವಾದ ನಡೆದದ್ದು ದನಿಯಿಲ್ಲದ ಇಂಗ್ಲಿಷಿನ ಅಂಗಳದಲ್ಲಿ.

ಇಲ್ಲಿ ಮೂರನೆಯ ಆಕ್ಷೇಪ ಎದುರಾಗುತ್ತದೆ, ಮತ್ತು ಇತಿಹಾಸಕಾರರಿಗೆ ಅದು ಪ್ರಿಯವಾದದ್ದು. ಇವೆಲ್ಲ ಭಾಷಾಶಾಸ್ತ್ರದ ಹೇಳಿಕೆಗಳೇ ಅಲ್ಲ, ಅಧಿಕಾರದ ಹೇಳಿಕೆಗಳು. ಸ್ಥಳಪುರಾಣವನ್ನು ವ್ಯಾಕರಣದಿಂದ ಅಳೆಯುವುದು ಅರಸಿಕತನ ಎಂಬುದು ಅದರ ತಿರುಳು. ಎಘರೆವ್ಬಾನ ಪುಸ್ತಕದಲ್ಲೇ ಆವೃತ್ತಿಯಿಂದ ಆವೃತ್ತಿಗೆ ವಿವರಗಳು ಬದಲಾಗಿವೆ ಎಂಬುದನ್ನು ವಿದ್ವಾಂಸರು ತೋರಿಸಿದ್ದಾರೆ, ಆದ್ದರಿಂದ ಆಕ್ಷೇಪಕ್ಕೆ ಆಧಾರವಿದೆ. ನನ್ನ ಉತ್ತರ ಇಷ್ಟು. ಪುರಾಣವೆಂದು ಒಪ್ಪುವುದಾದರೆ ಅದು ಯಾವ ಕಾಲದ ಪುರಾಣ ಎಂದು ಕೇಳಲೇಬೇಕು, ಮತ್ತು ಅದಕ್ಕೂ ಶ್ರುತಿ ನೆರವಾಗುತ್ತದೆ. ಬಾಯಿಂದ ಬಾಯಿಗೆ ಬಂದ ವಿವರಣೆ ಸಾಮಾನ್ಯವಾಗಿ ಕಿವಿಗೆ ಒಪ್ಪುವಂತಿರುತ್ತದೆ, ಏಕೆಂದರೆ ಕೇಳುಗರು ಆ ಮಾತಿನವರೇ. ಶ್ರುತಿ ಎಲ್ಲೂ ಹೊಂದದೆ, ಅಕ್ಷರ ಮಾತ್ರ ಹೊಂದುವ ವಿವರಣೆ ಸಿಕ್ಕರೆ ಅದು ಕಣ್ಣಿಗಾಗಿ ಹುಟ್ಟಿದ್ದು, ಅಂದರೆ ಅಕ್ಷರ ಬಂದ ಮೇಲೆ ಹುಟ್ಟಿದ್ದು ಎಂದು ಶಂಕಿಸಲು ಕಾರಣವಿದೆ. ಬೆನಿನ್ನಿನಲ್ಲಿ ಎಡೊ ನುಡಿಗೆ ಅಕ್ಷರ ಬಂದದ್ದು ರಾಜ್ಯ ಬಿದ್ದ ಮೇಲಾದ್ದರಿಂದ, ಈ ಒಂದು ಪರೀಕ್ಷೆ 1897ರ ಹಿಂದಿನ ಕಥೆಗಳನ್ನು ಆಚಿನವುಗಳಿಂದ ಬೇರ್ಪಡಿಸಲು ನೆರವಾದೀತು. ಎರಕದ ಫಲಕಗಳ ಬಗ್ಗೆ ಬರೆಯುವವರು ಮತ್ತೆ ಮತ್ತೆ ಹೇಳುವ ಒಂದು ಮಾತಿದೆ: ಎಡೊದಲ್ಲಿ ನೆನಪಿಟ್ಟುಕೊಳ್ಳುವುದಕ್ಕೆ ಹೇಳುವ 'ಸಾ-ಎ-ಯಾಮಾ' ಎಂಬುದರ ಮೂಲಾರ್ಥ ಲೋಹದಲ್ಲಿ ಗುರುತು ಎರೆಯುವುದು ಎಂದು. 'ಅಮಾ' ಎಂದರೆ ಗುರುತು, ಚಿಹ್ನೆ. ಎಷ್ಟು ಚೆಂದದ ಮಾತೆಂದರೆ ವಸ್ತುಪ್ರದರ್ಶನದ ಗೋಡೆಗಳ ಮೇಲೆಲ್ಲ ಅದು ರಾರಾಜಿಸುತ್ತದೆ. ಅಷ್ಟು ಚೆಂದವಾಗಿರುವುದರಿಂದಲೇ ಅದರ ಪ್ರತಿ ತುಂಡಿನ ದನಿಯನ್ನೂ ಮೆಲ್ಟ್ಸಿಯನ್, ಅಘೆಯಿಸಿಯರ ನಿಘಂಟುಗಳೊಡನೆ ತಾಳೆ ನೋಡಿ ಆಮೇಲೆ ಉಲ್ಲೇಖಿಸಬೇಕು.

ತಾಳೆ ನೋಡಲು ಈಗ ಸಾಮಗ್ರಿಯ ಕೊರತೆಯಿಲ್ಲ. ಥಾಮಸ್‌ನ ಮೇಣದ ಉರುಳೆಗಳು ಬ್ರಿಟಿಷ್ ಗ್ರಂಥಾಲಯದಲ್ಲಿ ಉಳಿದಿವೆ. ಅವು ಸವೆದಿವೆ, ಗೊರಗೊರ ಸದ್ದಿನ ನಡುವೆ ದನಿ ಹುಡುಕಬೇಕು, ಮೂಲದಲ್ಲಿ ಯಾವ ವೇಗದಲ್ಲಿ ತಿರುಗುತ್ತಿದ್ದವೆಂಬ ಅನುಮಾನವೂ ಇಂಥ ಉರುಳೆಗಳಿಗೆ ಇದ್ದದ್ದೇ. ವ್ಯಂಜನಗಳನ್ನು ಕೇಳಿಸಿಕೊಳ್ಳುವವನಿಗೆ ಇವು ದೊಡ್ಡ ಅಡ್ಡಿ. ದನಿಭಾಷೆಗೆ ಅಷ್ಟು ಅಡ್ಡಿಯಲ್ಲ: ಉರುಳೆ ನಿಧಾನವಾಗಿ ತಿರುಗಿದರೆ ಇಡೀ ಮಾತಿನ ಶ್ರುತಿ ಕೆಳಗಿಳಿಯುತ್ತದೆ, ಆದರೆ ಒಂದು ಸ್ವರಕ್ಕೂ ಪಕ್ಕದ ಸ್ವರಕ್ಕೂ ಇರುವ ಏರಿಳಿತ ಹಾಗೆಯೇ ಉಳಿಯುತ್ತದೆ, ಮತ್ತು ಎಡೊಗೆ ಬೇಕಾದದ್ದು ಆ ಏರಿಳಿತ ಮಾತ್ರ. 2022ರ ನವೆಂಬರಿನಲ್ಲಿ ಆರಂಭವಾದ ಡಿಜಿಟಲ್ ಬೆನಿನ್ ಎಂಬ ಜಾಲಕೋಶ ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಚದುರಿರುವ 5,000ಕ್ಕೂ ಹೆಚ್ಚು ಬೆನಿನ್ ವಸ್ತುಗಳನ್ನು ಒಂದೆಡೆ ತಂದಿದೆ. ಅದರಲ್ಲಿ ವಸ್ತುಗಳಿಗೆ ಎಡೊ ಹೆಸರುಗಳನ್ನು ಕೊಡುವ ಕೆಲಸ ನಡೆದಿದೆ. 1909ರ ಉರುಳೆ, 1937ರ ಚುಕ್ಕಿಗೀಟು, 1986ರ ನಿಘಂಟು, ಇಂದಿನ ಮಾತು: ಒಂದೇ ಬಿರುದು, ಒಂದೇ ಊರಿನ ಹೆಸರು ಈ ನಾಲ್ಕರಲ್ಲೂ ಸಿಕ್ಕರೆ, ಹೆಸರಾಗಿ ನಿಂತ ಶಬ್ದದ ಶ್ರುತಿ ನೂರು ವರ್ಷದಲ್ಲಿ ಎಷ್ಟು ಸರಿಯುತ್ತದೆ, ಅಥವಾ ಸರಿಯುತ್ತದೆಯೇ ಎಂಬುದನ್ನು ಅಳೆಯಬಹುದು. ಎವುವಾರೆಯ ಐನೂರು ವರ್ಷದ ಲೆಕ್ಕ ಹಾಕುವ ಮೊದಲು ಈ ನೂರು ವರ್ಷದ ಲೆಕ್ಕ ಮುಗಿಯಬೇಕು.